ದಂಡಾನೂ ಟನ್ ಲೆಕ್ಕದಾಗ ಹಾಕ್ತಾರೇನು? 'ಫೈನ್' ಎಂಬ ಪದದ ಕತೆ

ನನ್ನ ಸೋದರಮಾವ ರಾಯಚೂರಿನವರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು. ಹೋದ ತಿಂಗಳು ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದರು. ಅವತ್ತೇ ನನ್ನ ಗೆಳೆಯನೂ ಬಂದ. ಅವನದು ಎರಡು ಟಿಪ್ಪರ್ ಇವೆ, ಸಂಡೂರು ಕಡೆಯಿಂದ ಅದಿರು ಹೊಡೆಯುತ್ತವೆ. ಚಹಾ ಕುಡಿಯುವಾಗ ಜೇಬಿನಲ್ಲಿದ್ದ ಚೀಟಿಗಳನ್ನೆಲ್ಲ ತೆಗೆದು ಟೀಪಾಯಿ ಮೇಲಿಟ್ಟ. ಕಾಗದ ಕಣ್ಣಿಗೆ ಬಿದ್ದರೆ ಓದದೇ ಬಿಡುವ ಪೈಕಿ ಅಲ್ಲ ನಮ್ಮ ಮಾವ. ಒಂದನ್ನು ಎತ್ತಿಕೊಂಡು ಕನ್ನಡಕ ಏರಿಸಿದರು. ಲಾರಿ ಕಾಟಾದ ಚೀಟಿ. 'ಐರನ್ ಓರ್ ಫೈನ್ಸ್' ಅಂತಿತ್ತು. ಪಕ್ಕದಲ್ಲಿ ಟನ್ ಲೆಕ್ಕ.

"ಅಲ್ಲೋ ಅಳಿಯಾ, ದಂಡಾನೂ ಟನ್ ಲೆಕ್ಕದಾಗ ಹಾಕ್ತಾರೇನು ಈಗ?"

ಗೆಳೆಯ ಚಹಾ ಚೆಲ್ಲಿಕೊಂಡು ನಕ್ಕ. "ಮಾವಾರ, ಅದು ದಂಡ ಅಲ್ರೀ. ಅದಿರಿನ ಪುಡಿ. ಪುಡಿಗೆ ಫೈನ್ಸ್ ಅಂತಾರ."

ಮಾವ ಬಿಡಲಿಲ್ಲ. "ಫೈನ್ ಅಂದ್ರ ಚಲೋದು ಅಂತಲ್ಲ? ಪುಡಿ ಚಲೋದೋ, ಗಟ್ಟಿ ಚಲೋದೋ?"

"ರೇಟು ಗಟ್ಟಿಗೇ ಜಾಸ್ತಿ ರೀ."

"ಮತ್ತ ಪುಡಿಗ್ಯಾಕ ಫೈನ್ ಅಂದ್ರು?"

ಇಬ್ಬರೂ ನನ್ನ ಕಡೆ ನೋಡಿದರು. ಇಂಗ್ಲಿಷ್ ಪದಗಳ ಬೆನ್ನು ಹತ್ತುವ ಚಟ ನನಗಿದೆ ಅಂತ ಇಬ್ಬರಿಗೂ ಗೊತ್ತು. ಆದರೆ ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ನಿಘಂಟುಗಳನ್ನು ತಡಕಾಡಿ ನೋಡಿದ ಮೇಲೆ ಸಿಕ್ಕಿದ್ದು ಇದು.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳೋಣ. ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವ ಫೈನ್, ಅಂಗಡಿಯವನು ಹೊಗಳುವ ಫೈನ್ ಕ್ವಾಲಿಟಿ ಅಕ್ಕಿ, ಸಂಡೂರಿನ ಫೈನ್ಸ್, ಫೋನಿನಲ್ಲಿ ಹೇಳುವ 'ಐ ಆಮ್ ಫೈನ್', ಇವೆಲ್ಲ ಬೇರೆ ಬೇರೆ ಪದಗಳೋ, ಒಂದೇ ಪದವೋ? ನಿಘಂಟು ನೋಡಿದರೆ ದಂಡದ ಫೈನ್‌ಗೆ ಒಂದು ಜಾಗ, ಒಳ್ಳೆಯದರ ಫೈನ್‌ಗೆ ಇನ್ನೊಂದು ಜಾಗ ಕೊಟ್ಟಿರುತ್ತಾರೆ. ಹಾಗಾಗಿ ಎರಡು ಅಂತ ಅನ್ನಿಸುತ್ತದೆ. ಬೇರಿಗೆ ಇಳಿದರೆ ಎರಡೂ ಒಂದೇ ಕಡೆ ಹೋಗಿ ಸೇರುತ್ತವೆ.

ಬದುವಿನಿಂದ ಶುರು

ಆ ಬೇರು ಲ್ಯಾಟಿನ್ ಭಾಷೆಯ 'ಫೀನಿಸ್'. ಅದರ ಅರ್ಥ ಎಲ್ಲೆ, ಮೇರೆ. ಸಿರುಗುಪ್ಪದ ಗದ್ದೆ ಬಯಲಿಗೆ ಹೋಗಿ ನಿಂತರೆ ಕಾಣುತ್ತದಲ್ಲ, ಒಂದು ಗದ್ದೆ ಮುಗಿದು ಇನ್ನೊಂದು ಶುರುವಾಗುವ ಬದು, ಅದು. ಅಥವಾ ಸರ್ವೆಯವರು ನೆಟ್ಟು ಹೋಗುವ ಬಾಂದುಗಲ್ಲು. ನಿನ್ನ ಹೊಲ ಇಲ್ಲಿಗೆ ಮುಗೀತು ಅಂತ ಹೇಳುವ ಗುರುತು.

ಜಾಗ ಮುಗಿಯುವ ಗುರುತಿನಿಂದ ಯಾವುದೇ ಸಂಗತಿ ಮುಗಿಯುವುದಕ್ಕೆ ಅರ್ಥ ಜಾರಿತು. ಇದು ದೊಡ್ಡ ಜಿಗಿತವೇನಲ್ಲ. ಕನ್ನಡದಲ್ಲೂ ಗಡಿ ಅಂದರೆ ಜಾಗದ್ದು, ಗಡುವು ಅಂದರೆ ಕಾಲದ್ದು. ಫೀನಿಸ್ ಹೀಗೆ ಎಲ್ಲೆಯೂ ಆಯಿತು, ಕೊನೆಯೂ ಆಯಿತು.

ಈ ಬದುವಿನ ಮೇಲೆ ಬೆಳೆದ ಇಂಗ್ಲಿಷ್ ಪದಗಳು ಒಂದೆರಡಲ್ಲ. ಫೈನಲ್, ಫಿನಿಶ್ ಅಂತೂ ಮುಖ ನೋಡಿದರೇ ಗೊತ್ತಾಗುತ್ತವೆ. ಡಿಫೈನ್ ಅಂದರೆ ಒಂದು ಪದದ ಅರ್ಥಕ್ಕೆ ಬದು ಹಾಕುವುದು. ಕನ್‌ಫೈನ್ ಅಂದರೆ ಬದುವಿನೊಳಗೆ ಕೂಡಿಹಾಕುವುದು. ಇನ್‌ಫಿನಿಟ್ ಅಂದರೆ ಬದುವೇ ಇಲ್ಲದ್ದು.

ನನಗೆ ಇವುಗಳಲ್ಲಿ ಅಫಿನಿಟಿ ಅನ್ನುವ ಪದದ ಮೇಲೆ ಪ್ರೀತಿ. ಲ್ಯಾಟಿನ್‌ನಲ್ಲಿ 'ಅಫೀನಿಸ್' ಅಂದರೆ ಬದುವಿಗೆ ಅಂಟಿಕೊಂಡವನು, ಪಕ್ಕದ ಹೊಲದವನು. ಆಮೇಲೆ ಅದೇ ಪದಕ್ಕೆ ಮದುವೆಯಿಂದ ಆದ ನೆಂಟ ಅನ್ನುವ ಅರ್ಥವೂ ಬಂತು. ಅಂದರೆ ಬೀಗ. ಪಕ್ಕದ ಹೊಲದವರು ಬೀಗರಾಗುವುದು ನಮ್ಮ ಕಡೆ ಹೊಸದೇನಲ್ಲ. ಬದುವಿನ ಜಗಳಕ್ಕೆ ಬೀಗತನ ಮುರಿದುಕೊಂಡವರೂ ಇದ್ದಾರೆ, ಆ ಮಾತು ಬೇರೆ. ಮೇಣದ ಬತ್ತಿಯ ಪ್ಯಾರಾಫಿನ್ ಕೂಡ ಇದೇ ಮನೆತನದ್ದು. 1830ರಲ್ಲಿ ಜರ್ಮನಿಯ ಕಾರ್ಲ್ ರೈಖನ್‌ಬಾಖ್ ಅದಕ್ಕೆ ಹೆಸರಿಟ್ಟ. ಬೇರೆ ರಾಸಾಯನಿಕಗಳ ಜೊತೆ ಅದು ಸುಲಭಕ್ಕೆ ಬೆರೆತು ಬದಲಾಗುವುದಿಲ್ಲ. ಅದಕ್ಕೇ 'ಕಡಿಮೆ' ಅನ್ನುವ ಅರ್ಥದ ಪಾರುಮ್ ಜೊತೆ ಅಫೀನಿಸ್ ಸೇರಿಸಿದ. ಯಾರ ಜೊತೆಗೂ ಅಷ್ಟಾಗಿ ಬೀಗತನ ಬೆಳೆಸದ ವಸ್ತು ಅಂತ.

ಮೀನಿನ ಈಜುರೆಕ್ಕೆಗೆ ಹೇಳುವ 'ಫಿನ್' ಮಾತ್ರ ಈ ವಂಶದ್ದಲ್ಲ. ಅದು ಇಂಗ್ಲಿಷಿನ ಸ್ವಂತ ಹಳೆಯ ಪದ. ಮುಖ ಒಂದೇ ಥರ ಇದೆ ಅಂತ ನೆಂಟಸ್ತನ ಕಟ್ಟಬಾರದು.

ಕೇಸು ಮುಗಿಸುವ ದುಡ್ಡು

ಈಗ ಮಾವನ ಫೈನ್‌ಗೆ ಬರೋಣ. ಇಲ್ಲಿ ವಿಷಯ ಜಾಸ್ತಿ ಇದೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದವರು ಇಂಗ್ಲೆಂಡನ್ನು ಗೆದ್ದರು. ಅಲ್ಲಿಂದ ಮುಂದೆ ಅರಮನೆ, ಕೋರ್ಟು ಎಲ್ಲ ಕಡೆ ಫ್ರೆಂಚ್ ಮಾತು, ದಾಖಲೆಗಳಿಗೆ ಲ್ಯಾಟಿನ್. ಕೋರ್ಟಿನಲ್ಲಿ ಇಂಗ್ಲಿಷಿನಲ್ಲೇ ವಾದ ಮಾಡಬೇಕು ಅಂತ ಕಾನೂನು ಬಂದದ್ದೇ 1362ರಲ್ಲಿ. ಅಷ್ಟರೊಳಗೆ ಜಡ್ಜ್, ಜ್ಯೂರಿ, ಕೋರ್ಟ್ ಎಲ್ಲ ಫ್ರೆಂಚ್ ಪದಗಳೇ ಆಗಿ ಕೂತಿದ್ದವು. ರಾಯಚೂರು, ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1948ರವರೆಗೆ ನಿಜಾಮರ ಆಡಳಿತ, ಕಚೇರಿಯಲ್ಲಿ ಉರ್ದು. ವಕೀಲ, ಅರ್ಜಿ, ಜಾಮೀನು, ಫಿರ್ಯಾದಿ, ಜಪ್ತಿ ಎಲ್ಲ ಪಾರಸಿ ದಾರಿಯಲ್ಲಿ ಬಂದವು. ಆಳುವವರ ಭಾಷೆ ಹೋದರೂ ಕೋರ್ಟಿನ ಪದಗಳು ಮಾತ್ರ ಕುರ್ಚಿ ಬಿಟ್ಟು ಏಳುವುದಿಲ್ಲ.

ಆ ಕಾಲದ ಇಂಗ್ಲೆಂಡಿನಲ್ಲಿ ತಪ್ಪು ಮಾಡಿದವನನ್ನು ರಾಜನ ಸೆರೆಗೆ ಹಾಕುತ್ತಿದ್ದರು. ಹೊರಗೆ ಬರಬೇಕು ಅಂದರೆ ರಾಜನ ಜೊತೆ 'ಫೀನಿಸ್' ಮಾಡಿಕೊಳ್ಳಬೇಕಿತ್ತು. ಅಂದರೆ ಒಂದು ಮೊತ್ತಕ್ಕೆ ಒಪ್ಪಿ ವ್ಯವಹಾರಕ್ಕೆ ಕೊನೆ ಹಾಡುವುದು. ದುಡ್ಡು ಕಟ್ಟಿದ, ಕೇಸು ಮುಗೀತು, ಮನೆಗೆ ಹೋದ. ಫೈನ್ ಅಂದರೆ ಶುರುವಿನಲ್ಲಿ ಶಿಕ್ಷೆ ಆಗಿರಲಿಲ್ಲ, ಶಿಕ್ಷೆ ತಪ್ಪಿಸಿಕೊಳ್ಳುವ ರಾಜಿ ಆಗಿತ್ತು. ಬರಬರುತ್ತಾ ಆ ದುಡ್ಡೇ ಶಿಕ್ಷೆ ಅಂತ ಜನ ಅಂದುಕೊಂಡರು.

ಇದೇ ಪದದ ಇನ್ನೊಂದು ಬಳಕೆ ಮಾವನಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಮುಂದೆ ಬಂದು ಕೂತರು. ಇಂಗ್ಲೆಂಡಿನಲ್ಲಿ ಜಮೀನು ಮಾರುವವನೂ ಕೊಳ್ಳುವವನೂ ಸೇರಿ ಸುಳ್ಳೇ ಒಂದು ದಾವೆ ಹೂಡುತ್ತಿದ್ದರು. ಆಮೇಲೆ ಕೋರ್ಟಿನ ಮುಂದೆ ರಾಜಿ ಆಗುತ್ತಿದ್ದರು. ಆ ರಾಜಿ ಪತ್ರಕ್ಕೂ ಫೈನ್ ಅಂತಲೇ ಹೆಸರು. 'ಇದು ಕೊನೆಯ ಒಪ್ಪಂದ' ಅನ್ನುವ ಲ್ಯಾಟಿನ್ ಸಾಲಿನಿಂದ ಅದು ಶುರುವಾಗುತ್ತಿತ್ತು. ಒಂದೇ ತೊಗಲಿನ ಹಾಳೆ ಮೇಲೆ ಅದನ್ನೇ ಮೂರು ಸಲ ಬರೆದು, ಅಂಕುಡೊಂಕಾಗಿ ಕತ್ತರಿಸುತ್ತಿದ್ದರು. ಇಬ್ಬರಿಗೆ ಒಂದೊಂದು ತುಂಡು. ಅಡಿಯಲ್ಲಿದ್ದ ಮೂರನೆಯದು ರಾಜನ ಖಜಾನೆಗೆ. 1195ರಿಂದ ಆ ತುಂಡುಗಳನ್ನು ಜೋಪಾನ ಮಾಡುತ್ತಾ ಬಂದರು. ಮುಂದೆ ಯಾರಾದರೂ ತಕರಾರು ತೆಗೆದರೆ ಅಂಕುಡೊಂಕು ಅಂಚುಗಳು ಕೂಡುತ್ತವೋ ಇಲ್ಲವೋ ನೋಡಿದರಾಯಿತು. ನಕಲಿ ಪತ್ರ ಅಲ್ಲೇ ಸಿಕ್ಕಿಬೀಳುತ್ತದೆ. 1833ರಲ್ಲಿ ಕಾಯ್ದೆ ತಂದು ಈ ಪದ್ಧತಿ ನಿಲ್ಲಿಸಿದರು.

"ಸುಳ್ಳು ದಾವೆ ಹಾಕಿ ರಾಜಿ ಡಿಕ್ರಿ ತಗೊಳ್ಳೋದಾ? ಅದು ನಮ್ಮ ಕಡೀನೂ ಐತಲ್ಲೋ," ಅಂದರು ಮಾವ. ಅವರ ಮುಖದಲ್ಲಿ ಹಳೆಯ ಫೈಲುಗಳ ನೆನಪು ಕಾಣುತ್ತಿತ್ತು.

ಈಗ ನಮ್ಮ ಭಾಷೆಯ ಕಡೆ ಬನ್ನಿ. ಫೈನ್‌ಗೆ ನಮ್ಮಲ್ಲಿ ಏನಂತೀವಿ? ದಂಡ. ಅದರ ಮೂಲ ಅರ್ಥ ಕೋಲು, ಹೊಡೆಯುವ ಕೋಲು. ಮಾವನಂಥ ರಾಯಚೂರಿನ ಹಿರಿಯರು ಜುಲ್ಮಾನೆ ಅನ್ನುತ್ತಾರೆ. ಜುರ್ಮ್ ಅಂದರೆ ಅಪರಾಧ, ಅದಕ್ಕೆ ಕಟ್ಟುವುದು ಜುರ್ಮಾನಾ, ನಮ್ಮ ಬಾಯಲ್ಲಿ ಜುಲ್ಮಾನೆ. ಮಠ, ಗುಡಿಗಳ ಕಡೆ ತಪ್ಪುಗಾಣಿಕೆ ಅನ್ನುವ ಮಾತಿದೆ. ತಪ್ಪಾಯ್ತು ಅಂತ ಇಡುವ ಕಾಣಿಕೆ. ಒಂದೇ ಐನೂರು ರೂಪಾಯಿ, ಒಬ್ಬರು ಅದರಲ್ಲಿ ಕೋಲು ನೋಡಿದರು, ಒಬ್ಬರು ಅಪರಾಧ, ಒಬ್ಬರು ಕಾಣಿಕೆ. ಇಂಗ್ಲಿಷಿನವರು ಮಾತ್ರ ಅದರಲ್ಲಿ ಕೊನೆಯನ್ನು ನೋಡಿದರು.

ಕೊನೆಯನ್ನು ನೋಡುವ ಪದ ಕನ್ನಡದಲ್ಲಿ ಇಲ್ಲವೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಇದೆ. ಅದು 'ತೀರು'.

ತೀರು ಅಂದರೆ ಮುಗಿ. ಅಕ್ಕಿ ತೀರಿತು ಅಂತೀವಿ. ಅಜ್ಜ ತೀರಿಕೊಂಡರು ಅಂತೀವಿ. ಸಾಲ ತೀರಿಸು ಅಂದರೆ ದುಡ್ಡು ಕೊಟ್ಟು ಮುಗಿಸು. ಜಡ್ಜ್ ಕೊಡುವುದು ತೀರ್ಪು, ಜಗಳವನ್ನು ತೀರಿಸುವ ಮಾತು. ಇನ್ನೊಂದು ಪದ ಇದೆ, ಈಗ ಬಳಕೆ ಕಡಿಮೆ: ತೀರುವೆ. ಸುಂಕ, ತೆರಿಗೆ ಅಂತ ಅರ್ಥ. ಆಮದು ತೀರುವೆ ಅಂತ ಪೇಪರಿನಲ್ಲಿ ಓದಿರಬಹುದು. ಮುಗಿಯುವುದು, ಕೊಟ್ಟು ಮುಗಿಸುವುದು, ಕೋರ್ಟಿನ ತೀರ್ಮಾನ, ಸರ್ಕಾರಕ್ಕೆ ಕಟ್ಟುವ ದುಡ್ಡು, ಎಲ್ಲ ಒಂದೇ ಬೇರಿಗೆ! ಫೀನಿಸ್ ನಡೆದ ದಾರಿಯಲ್ಲೇ ತೀರು ಕೂಡ ನಡೆದಿದೆ. ಯಾರೂ ಯಾರಿಂದಲೂ ಕಲಿತದ್ದಲ್ಲ. ಬಳ್ಳಾರಿಯಲ್ಲಿ ತೆಲುಗು ಬರದವರು ಕಡಿಮೆ, ಅವರನ್ನು ಕೇಳಿ ನೋಡಿ. ಅಲ್ಲೂ ತೀರ್ಪು ತೀರ್ಪೇ. ಆದರೆ ಹೊಳೆಯ ದಡಕ್ಕೆ ಹೇಳುವ 'ತೀರ' ಸಂಸ್ಕೃತದ್ದು. ಮೀನಿನ ಫಿನ್ ಇದ್ದ ಹಾಗೆ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಫೈನಾನ್ಸ್ ಕೂಡ ಇದೇ ತೀರಿಸುವ ಕುಲದ್ದು. ಹಳೆಯ ಫ್ರೆಂಚಿನಲ್ಲಿ 'ಫಿನೇ' ಅಂದರೆ ಮುಗಿಸು, ಲೆಕ್ಕ ಚುಕ್ತಾ ಮಾಡು. ಫೈನಾನ್ಸ್ ಅಂದರೆ ಸಾಲವನ್ನು ಕೊಟ್ಟು ಮುಗಿಸುವುದು. ನಮ್ಮ ಊರುಗಳಲ್ಲಿ ಫೈನಾನ್ಸ್ ಅಂದರೆ ಸಾಲ ಶುರುವಾಗುವ ಜಾಗ. ವಾರ ವಾರ ಕಂತು ಕಟ್ಟುವ ಹೆಣ್ಣುಮಕ್ಕಳಿಗೆ ಈ ಪದದ ಮೂಲ ಅರ್ಥ 'ಮುಗಿಸುವುದು' ಅಂತ ಹೇಳಿದರೆ ನಗುತ್ತಾರೋ, ಬೈಯುತ್ತಾರೋ.

ನಾನೂ ಐನೂರು ಕಟ್ಟಿದವನೇ. ಮೋತಿ ಸರ್ಕಲ್ ಹತ್ತಿರ, ಹೆಲ್ಮೆಟ್ ಗಾಡಿಯ ಹಿಂಬದಿ ಹುಕ್ಕಿಗೆ ನೇತಾಡುತ್ತಿತ್ತು, ತಲೆ ಬರಿದಾಗಿತ್ತು. ಪೊಲೀಸರು ಕೈ ಅಡ್ಡ ಹಿಡಿದರು. ತಪ್ಪು ನನ್ನದೇ, ವಾದ ಮಾಡಲಿಲ್ಲ. ಆಮೇಲೆ ತಿಳಿದದ್ದೇನೆಂದರೆ, ಹೀಗೆ ರಸ್ತೆಯಲ್ಲಿ ಕಟ್ಟುವ ದುಡ್ಡು ಕೋರ್ಟು ವಿಧಿಸಿದ ಶಿಕ್ಷೆ ಅಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಅದು ರಾಜಿ. ಕಟ್ಟಿದರೆ ಆ ಕೇಸು ಅಲ್ಲಿಗೆ ಮುಗಿಯುತ್ತದೆ, ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಳೆಯ ಟ್ರಾಫಿಕ್ ದಂಡಗಳಿಗೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತಲ್ಲ, ಆಗ ಜನ ಸಾಲು ನಿಂತು ಕಟ್ಟಿದರು. ಶಿಕ್ಷೆಗೆ ಯಾರಾದರೂ ಸಾಲು ನಿಲ್ಲುತ್ತಾರಾ? ನಿಂತದ್ದು ಮುಗಿಸಿಕೊಳ್ಳೋದಕ್ಕೆ. ಹಳೆಯ ಇಂಗ್ಲೆಂಡಿನ ಫೈನ್ ನಿಖರವಾಗಿ ಇದೇ ಆಗಿತ್ತು.

ಮಾವ ಆಗ ತಮ್ಮದೊಂದು ಕತೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ತೀರ್ಪೊಂದನ್ನು ಟೈಪ್ ಮಾಡಲು ಕೊಟ್ಟಿದ್ದರಂತೆ. ಕೊನೆಯ ಪ್ಯಾರಾ 'ಇನ್ ಫೈನ್' ಅಂತ ಶುರುವಾಗಿತ್ತು. ಅಪೀಲು ವಜಾ ಆಗಿದೆ ಅಂತಿತ್ತು, ಮೊತ್ತ ಮಾತ್ರ ಎಲ್ಲೂ ಇಲ್ಲ. ಇವರು ಫೈಲೆಲ್ಲ ಜಾಲಾಡಿ, ದಂಡ ಎಷ್ಟು ಅಂತ ಸಿಗದೇ, ಹೆದರುತ್ತಾ ಹಿರಿಯ ಗುಮಾಸ್ತರ ಬಳಿ ಹೋದರು. "ಸಾಹೇಬರು ರೊಕ್ಕ ಬರೆಯೋದು ಮರೆತಾರ್ರೀ" ಅಂದರು. 'ಇನ್ ಫೈನ್' ಅಂದರೆ 'ಕೊನೆಯದಾಗಿ' ಅಂತ ಅರ್ಥ. ಲ್ಯಾಟಿನ್ ಅರ್ಥ ಹಾಗೇ ಉಳಿದಿರುವ ಬಳಕೆ ಅದು, ನಮ್ಮ ಕೋರ್ಟಿನ ತೀರ್ಪುಗಳಲ್ಲಿ ಇವತ್ತಿಗೂ ಕಾಣುತ್ತದೆ. "ಮೂವತ್ತು ವರ್ಷ ಆ ಕಚೇರಿಯಾಗ ನನಗ ಇನ್ ಫೈನ್ ಅಂತಲೇ ಕರೀತಿದ್ರು ನೋಡು" ಅಂದರು ಮಾವ.

ತುದಿ ಮುಟ್ಟಿದ್ದು ಚಲೋದು

ಸರಿ, ದಂಡ ಗೊತ್ತಾಯಿತು. ಒಳ್ಳೆಯದು ಅನ್ನುವ ಫೈನ್ ಎಲ್ಲಿಂದ ಬಂತು?

ಕೊನೆ ಅಂದರೆ ತುದಿಯೂ ಹೌದು. ಗುಡ್ಡ ಹತ್ತುವವನಿಗೆ ದಾರಿ ಮುಗಿಯುವುದು ತುದಿಯಲ್ಲಿ. ಅದಕ್ಕಿಂತ ಮೇಲೆ ಏನೂ ಇಲ್ಲ. ಒಂದು ಕೆಲಸವನ್ನು ಕೊನೆಮುಟ್ಟ ಮಾಡಿದರೆ ಅದರಲ್ಲಿ ಇನ್ನು ತಿದ್ದಲು ಏನೂ ಉಳಿದಿರುವುದಿಲ್ಲ. ಹಳೆಯ ಫ್ರೆಂಚಿನ 'ಫಿನ್' ಹೀಗೆ ಪೂರ್ತಿಯಾದದ್ದು, ಅತಿ ಉತ್ತಮವಾದದ್ದು ಅನ್ನುವ ಅರ್ಥ ಪಡೆಯಿತು. 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಇಲ್ಲೂ ನಮ್ಮ ತೀರು ಹಿಂದೆ ಬಿದ್ದಿಲ್ಲ. 'ತೀರಾ' ಅಂತೀವಲ್ಲ, ತೀರಾ ಹತ್ತಿರ, ತೀರಾ ಸೋಮಾರಿ. ತುದಿಯವರೆಗೂ ಅಂತ ಅರ್ಥ. ವ್ಯತ್ಯಾಸ ಇಷ್ಟೇ, ನಾವು ಅದನ್ನು ಜಾಸ್ತಿ ಬಳಸುವುದು ಬೈಯುವಾಗ. ಅವರು ಹೊಗಳೋಕೆ ಇಟ್ಟುಕೊಂಡರು.

ಈ ಅರ್ಥವನ್ನು ಹತ್ತಿರದಿಂದ ನೋಡಬೇಕಾದರೆ ಚಿನ್ನ ನೋಡಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಭೂಮಿಯ ಆಳದಿಂದ ಕಲ್ಲು ತೆಗೆಯುತ್ತಾರೆ. ಒಂದು ಟನ್ ಕಲ್ಲಿಗೆ ಸಿಗುವ ಚಿನ್ನ ಕೆಲವೇ ಗ್ರಾಂ. ಆ ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದು, ಕಡೆಗೆ ಕಾಸಿ ಕರಗಿಸಿ ಕಲ್ಮಷ ಕಳೆಯುತ್ತಾರೆ. ಇನ್ನು ಕಳೆಯಲು ಏನೂ ಇಲ್ಲ ಅನ್ನುವ ಹಂತಕ್ಕೆ ಬಂದದ್ದು ಫೈನ್ ಗೋಲ್ಡ್. ಕನ್ನಡದ ಅಪರಂಜಿ. ಹಾಗೆ ಮಾಡುವ ಕೆಲಸ ರಿಫೈನ್. ಬಳೆಯ ಒಳಗೆ 916 ಅಂತ ಮುದ್ರೆ ಇರುತ್ತದಲ್ಲ, ಅದನ್ನು ಇಂಗ್ಲಿಷಿನಲ್ಲಿ ಫೈನ್‌ನೆಸ್ ಅಂತಲೇ ಕರೆಯುತ್ತಾರೆ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ ಅಂತ. 22ನ್ನು 24ರಿಂದ ಭಾಗಿಸಿ ನೋಡಿ, ಲೆಕ್ಕ ಕೂಡುತ್ತದೆ.

ಒಳ್ಳೆಯದು ಹೇಗೆ ಸಣ್ಣದಾಯಿತು? ಅದಕ್ಕೆ ಗಂಗಾವತಿಗೋ ಸಿಂಧನೂರಿಗೋ ಹೋಗಬೇಕು. ತುಂಗಭದ್ರಾ ಕಾಲುವೆ ನೀರಿನಲ್ಲಿ ಬೆಳೆದ ಸೋನಾ ಮಸೂರಿ. ಅಂಗಡಿಯವನು ಮುಷ್ಟಿ ತುಂಬ ತೆಗೆದು ಅಂಗೈ ಮೇಲೆ ಹರಡುತ್ತಾನೆ. ಬೆರಳಿನಿಂದ ಒಂದು ಕಾಳು ಸರಿಸಿ ತೋರಿಸುತ್ತಾನೆ. "ನೋಡ್ರೀ, ಎಷ್ಟು ಸಣ್ಣ ಐತಿ. ಫೈನ್ ಕ್ವಾಲಿಟಿ." ಅವನು ಹೊಗಳಿದ್ದು ಗುಣವನ್ನೋ, ಗಾತ್ರವನ್ನೋ? ಅವನಿಗೂ ಗೊತ್ತಿಲ್ಲ, ಎರಡೂ ಒಂದೇ ಅವನಿಗೆ. ಸಣ್ಣಕ್ಕಿಗೆ ರೇಟು, ದಪ್ಪಕ್ಕಿ ಅಗ್ಗ. ಇಂಗ್ಲಿಷ್ ಮಾತಾಡುವವರಿಗೂ ಹೀಗೇ ಆಗಿರಬೇಕು. ಒಳ್ಳೆಯ ಹಿಟ್ಟು ಅಂದರೆ ಸಣ್ಣಗೆ ಜರಡಿ ಹಿಡಿದದ್ದು. ಒಳ್ಳೆಯ ಬಟ್ಟೆ ಅಂದರೆ ತೆಳು ನೂಲಿನದು. ಹತ್ತಿಯ ನೂಲಿಗೆ ಕೌಂಟ್ ಲೆಕ್ಕ ಇದೆಯಲ್ಲ, ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಬರುತ್ತವೆ ಅನ್ನುವುದೇ ಕೌಂಟ್. ನೂಲು ತೆಳುವಾದಷ್ಟೂ ಕೌಂಟ್ ಮೇಲೆ, ರೇಟೂ ಮೇಲೆ. ಒಳ್ಳೆಯ ಮಾಲೆಲ್ಲ ಸಣ್ಣದೇ ಆಗಿ ಕಾಣತೊಡಗಿದಾಗ ಫೈನ್ ಪದಕ್ಕೇ ಸಣ್ಣದು ಅನ್ನುವ ಅರ್ಥ ಅಂಟಿಕೊಂಡಿತು. ನಮ್ಮ 'ನಯ' ಪದವೂ ಸ್ವಲ್ಪ ಹೀಗೇ, ನಯವಾದ ಬಟ್ಟೆಯೂ ಇದೆ, ನಯವಾದ ಮಾತೂ ಇದೆ. ನಮ್ಮೂರ ಹೆಸರಾದ ಜೀನ್ಸ್‌ಗೆ ಮಾತ್ರ ದಪ್ಪ ನೂಲೇ ಬೇಕು, ಅಲ್ಲಿ ಈ ಫೈನ್ ಕೆಲಸಕ್ಕೆ ಬಾರದು.

ಹೀಗೆ ಅರ್ಥ ಒಮ್ಮೆ 'ಸಣ್ಣ' ಆದ ಮೇಲೆ ಒಳ್ಳೆಯದು ಅನ್ನುವುದನ್ನು ಬಿಟ್ಟೂ ಅದು ಓಡಾಡತೊಡಗಿತು. ಸಾಲದ ಕಾಗದದ ಅಡಿಯಲ್ಲಿ ಇರುವೆ ಸಾಲಿನಂತೆ ಇರುತ್ತದಲ್ಲ, ಫೈನ್ ಪ್ರಿಂಟ್, ಅದರಲ್ಲಿ ಒಳ್ಳೆಯದು ಏನಿರುತ್ತದೆ ಹೇಳಿ! ಕ್ರಿಕೆಟಿನ ಫೈನ್ ಲೆಗ್ ಕೂಡ ಸಣ್ಣ ಕೋನದ ಮಾತು. ಬ್ಯಾಟ್ಸ್‌ಮನ್ ಹಿಂದೆ, ಪಿಚ್ಚಿನ ಗೆರೆಗೆ ತೀರಾ ಹತ್ತಿರ ನಿಂತವನು.

ಸಂಡೂರಿನ ಪುಡಿ

ಗೆಳೆಯನ ಚೀಟಿಗೆ ಈಗ ಉತ್ತರ ಸಿಕ್ಕಿತು. ಫೈನ್ಸ್ ಅನ್ನುವಲ್ಲಿ ಗುಣ ಪೂರ್ತಿ ಉದುರಿ ಹೋಗಿದೆ, ಗಾತ್ರ ಮಾತ್ರ ಉಳಿದಿದೆ. ಸಾಮಾನ್ಯವಾಗಿ 10 ಮಿಲಿಮೀಟರಿಗಿಂತ ದೊಡ್ಡ ತುಂಡುಗಳು ಲಂಪ್ಸ್, ಅದಕ್ಕಿಂತ ಸಣ್ಣವು ಫೈನ್ಸ್.

ಅಕ್ಕಿಯಲ್ಲಿ ಸಣ್ಣದಕ್ಕೆ ರೇಟು, ಅದಿರಿನಲ್ಲಿ ದಪ್ಪದಕ್ಕೆ. ಯಾಕೆ ಅಂದರೆ ಊದುಕುಲುಮೆಯ ಕೆಳಗಿನಿಂದ ಬಿಸಿಗಾಳಿ ನುಗ್ಗಿಸುತ್ತಾರೆ. ಆ ಗಾಳಿ ಮೇಲೆ ಹೋಗಲು ಅದಿರಿನ ತುಂಡುಗಳ ನಡುವೆ ಸಂದು ಬೇಕು. ಪುಡಿ ಸುರಿದರೆ ಸಂದು ಮುಚ್ಚಿ ಕುಲುಮೆಗೆ ಉಸಿರು ಕಟ್ಟುತ್ತದೆ. ಅದಕ್ಕೇ ಪುಡಿಯನ್ನು ಹಾಗೇ ಹಾಕುವುದಿಲ್ಲ. ಕೋಕ್ (ಕಲ್ಲಿದ್ದಲು ಕಾಸಿ ಮಾಡಿದ ಇದ್ದಿಲು) ಪುಡಿ, ಸುಣ್ಣದ ಕಲ್ಲಿನ ಜೊತೆ ಸುಟ್ಟು ಹೆಂಟೆ ಮಾಡುತ್ತಾರೆ, ಅದು ಸಿಂಟರ್. ಇನ್ನೂ ನುಣ್ಣಗೆ ಅರೆದು ಉಂಡೆ ಕಟ್ಟಿ ಸುಟ್ಟರೆ ಪೆಲೆಟ್. ತೋರಣಗಲ್ಲಿನ ಕಡೆ ಹೋದರೆ ಈ ಗೋಲಿಯಂಥ ಗುಂಡುಗಳನ್ನು ನೋಡಬಹುದು.

ಒಂದು ಕಾಲಕ್ಕೆ ಈ ಪುಡಿಯನ್ನು ಕೇಳುವವರೇ ಇರಲಿಲ್ಲ. ಗಣಿಯ ಪಕ್ಕ ಗುಡ್ಡೆ ಹಾಕಿ ಬಿಡುತ್ತಿದ್ದರು. 2000ದ ನಂತರ ಚೀನಾಕ್ಕೆ ಉಕ್ಕಿನ ಹಸಿವು ಹತ್ತಿತು, ಅಲ್ಲಿನ ಕಾರ್ಖಾನೆಗಳು ಸಿಂಟರ್‌ಗೆ ಫೈನ್ಸ್ ಕೊಳ್ಳತೊಡಗಿದವು. ಗುಡ್ಡೆ ಬಿದ್ದಿದ್ದ ಪುಡಿ ಹಣವಾಯಿತು. ಆಮೇಲಿನದು ನಿಮಗೆ ಗೊತ್ತು. 2010ರ ಜುಲೈನಲ್ಲಿ ರಾಜ್ಯ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಷರತ್ತು ಹಾಕಿ ಕೆಲವು ಗಣಿಗಳಿಗೆ ಅನುಮತಿ ಸಿಕ್ಕಿತು. ಗುತ್ತಿಗೆಯ ಗಡಿ ಮೀರಿ ಅದಿರು ಅಗೆದವರು ಹೆಕ್ಟೇರಿಗೆ 5 ಕೋಟಿ ರೂಪಾಯಿ ಕಟ್ಟಬೇಕಾಯಿತು. ಕೋರ್ಟಿನ ಭಾಷೆಯಲ್ಲಿ ಅದು ಪರಿಹಾರ, ದಂಡ ಅಲ್ಲ. ಆದರೂ ನೋಡಿ, ಗಡಿ ದಾಟಿದ್ದು, ದುಡ್ಡು ಕಟ್ಟಿ ಮುಗಿಸಿಕೊಂಡದ್ದು, ಅಗೆದದ್ದು ಫೈನ್ಸ್. ಫೀನಿಸ್‌ನ ಮೂರು ಅರ್ಥಗಳೂ ಒಂದೇ ಗುಡ್ಡದ ಮೇಲೆ ಕೂಡಿದ್ದವು.

ಕಬ್ಬಿಣದ ಕೆಲಸಕ್ಕೂ ಈ ಪದಕ್ಕೂ ಹಳೆಯ ನಂಟೂ ಇದೆ. ಯುರೋಪಿನಲ್ಲಿ ಬೀಡು ಕಬ್ಬಿಣವನ್ನು ಮತ್ತೆ ಕಾಸಿ, ಗಾಳಿ ಊದಿ ಅದರಲ್ಲಿನ ಇಂಗಾಲ ಸುಟ್ಟು, ಬಡಿಯಲು ಬರುವ ಮೆದು ಕಬ್ಬಿಣ ಮಾಡುವ ಒಲೆಗೆ ಫೈನರಿ ಅಂತ ಹೆಸರಿತ್ತು. ಶುದ್ಧ ಮಾಡುವ ಒಲೆ. ಮದುವೆಗೆ ಹಾಕಿಕೊಳ್ಳುವ ಜರತಾರಿ, ಒಡವೆ, ಆಡಂಬರಕ್ಕೂ ಇಂಗ್ಲಿಷಿನಲ್ಲಿ ಫೈನರಿ ಅಂತಲೇ ಅನ್ನುತ್ತಾರೆ.

ಆಯ್ತು ಅಂದರೆ ಏನು

ಉಳಿದದ್ದು 'ಐ ಆಮ್ ಫೈನ್'. ಚೆನ್ನಾಗಿದ್ದೀನಿ ಅನ್ನುವುದು ಸುಲಭ, ಒಳ್ಳೆಯದು ಅನ್ನುವ ಅರ್ಥದ್ದೇ ಮುಂದುವರಿಕೆ. ಆದರೆ ಊಟದ ಎಲೆ ಮುಂದೆ ಕೂತವನು ಫೈನ್ ಅಂದರೆ ಅದರ ಅರ್ಥ 'ಸಾಕು'. ಗಂಡ ಹೆಂಡತಿ ವಾದದಲ್ಲಿ ಒಬ್ಬರು 'ಫೈನ್!' ಅಂದರೆ ಒಪ್ಪಿಗೆ ಅಲ್ಲ, ಮಾತು ಇಲ್ಲಿಗೆ ಮುಗೀತು ಅಂತ. ಸಾವಿರಾರು ವರ್ಷ ಸುತ್ತಿದರೂ ಪದ ತನ್ನ ಬದು ಮರೆತಿಲ್ಲ. ಕನ್ನಡದ 'ಆಯ್ತು' ಹೇಗೆ ಹೇಳಿ? ಊಟ ಆಯ್ತಾ ಅಂದರೆ ಮುಗೀತಾ ಅಂತ. ನಾಳೆ ಬಾ ಅಂದಾಗ ಆಯ್ತು ಅಂದರೆ ಒಪ್ಪಿಗೆ. ಆಯ್ತು ಬಿಡು ಅಂದರೆ ಸಿಟ್ಟು. ಮೂರಕ್ಕೂ ಇಂಗ್ಲಿಷಿನವರು ಫೈನ್ ಅನ್ನಬಹುದು, ಹೆಚ್ಚೂಕಡಿಮೆ.

ಇದನ್ನೆಲ್ಲ ಮಾವನಿಗೆ ಹೇಳಿ ಮುಗಿಸಿದ್ದು ಮುಂದಿನ ಭಾನುವಾರ, ರಾಯಚೂರಿನ ಅವರ ಮನೆಯಲ್ಲಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅವರ ಮೊಮ್ಮಗ ಬಂದಿದ್ದ. ಅತ್ತೆ ವಗ್ಗಾಣಿ ಮಾಡಿದ್ದರು, ಜೊತೆಗೆ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಹುಡುಗನ ತಟ್ಟೆ ಖಾಲಿ ಆಗುತ್ತಾ ಬಂತು. ಅತ್ತೆ ಬುಟ್ಟಿ ಹಿಡಿದು ಬಂದರು. ಫೋನಿನಿಂದ ತಲೆ ಎತ್ತದೆ ಅವನು, "ಐ ಆಮ್ ಫೈನ್ ಅಜ್ಜಿ" ಅಂದ.

ಅತ್ತೆಯ ಮುಖ ಅರಳಿತು. "ಫೈನ್ ಆಗ್ಯಾವಾ? ತಿನ್ನು ತಿನ್ನು" ಅಂತ ಇನ್ನೆರಡು ಮಿರ್ಚಿ ಹಾಕಿಯೇ ಬಿಟ್ಟರು.

ಹುಡುಗ ನನ್ನ ಕಡೆ ನೋಡಿದ. ಮಾವ ತಮ್ಮ ತಟ್ಟೆಯನ್ನೂ ಮುಂದೆ ತಳ್ಳಿ, "ನನಗೂ ಫೈನ್ ಹಾಕು" ಅಂದರು.